ಪಿಸುದನಿಗೆ ಎಷ್ಟು ದೂರ?

2020ರ ಜನವರಿ 26ರಂದು ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿಗಳು ಪ್ರಕಟವಾದಾಗ, ಹದಿನೆಂಟರ ಹರೆಯದ ಬಿಲಿ ಐಲಿಷ್ ವರ್ಷದ ಆಲ್ಬಮ್, ಹಾಡು, ರೆಕಾರ್ಡ್, ಹೊಸ ಕಲಾವಿದೆ ಎಂಬ ನಾಲ್ಕೂ ಮುಖ್ಯ ಬಹುಮಾನಗಳನ್ನು ಒಟ್ಟಿಗೆ ಬಾಚಿಕೊಂಡರು. ಸುದ್ದಿಯಾದದ್ದು ಅದು. ಅದೇ ಆಲ್ಬಮ್‌ಗೆ ಅದೇ ದಿನ ಇನ್ನೊಂದು ಬಹುಮಾನವೂ ಬಂದಿತ್ತು, ಅದರ ಮಾತು ಅಷ್ಟಾಗಿ ಆಗಲಿಲ್ಲ: ಶಾಸ್ತ್ರೀಯೇತರ ಸಂಗೀತದಲ್ಲಿ ಅತ್ಯುತ್ತಮ ಧ್ವನಿ ಎಂಜಿನಿಯರಿಂಗ್. ‘ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?’ ಎಂಬ ಉದ್ದ ಹೆಸರಿನ ಆ ಆಲ್ಬಮ್‌ನ ಬಹುಪಾಲು ತಯಾರಾದದ್ದು ಲಾಸ್ ಏಂಜಲೀಸ್‌ನ ಹೈಲ್ಯಾಂಡ್ ಪಾರ್ಕ್ ಎಂಬಲ್ಲಿ, ಅಪ್ಪ ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್ ಮಲಗುವ ಕೋಣೆಯಲ್ಲಿ. ಒಂದು ಕಂಪ್ಯೂಟರ್, ಅದರೊಳಗೆ ಲಾಜಿಕ್ ಎಂಬ ತಂತ್ರಾಂಶ, ಒಂದು ಮೈಕ್, ಒಂದು ಜೋಡಿ ಸ್ಪೀಕರ್. ಅಣ್ಣ ಕಂಪ್ಯೂಟರ್ ಮುಂದೆ, ತಂಗಿ ಹೆಚ್ಚಾಗಿ ಮಂಚದ ಮೇಲೆ. ಇದನ್ನು ಕಂಡ ಪತ್ರಿಕೆಗಳು ಒಂದು ತೀರ್ಮಾನಕ್ಕೆ ಬೇಗ ಬಂದುಬಿಟ್ಟವು: ದೊಡ್ಡ ಸ್ಟುಡಿಯೊಗಳ ಕಾಲ ಮುಗಿಯಿತು, ಇನ್ನು ಮುಂದೆ ಯಾರು ಬೇಕಾದರೂ ಮಂಚದ ಮೇಲೆ ಕೂತು ಆಲ್ಬಮ್ ಮಾಡಬಹುದು.

ಸಂಗತಿ ಸರಿ, ತೀರ್ಮಾನ ಅಷ್ಟು ಸರಿಯಲ್ಲ. ಆ ಕೋಣೆಯಲ್ಲಿ ಯಾವ ಆಲ್ಬಮ್ ಬೇಕಾದರೂ ಹುಟ್ಟುತ್ತಿರಲಿಲ್ಲ. ಅಲ್ಲಿ ಒಂದು ವಾದ್ಯವೃಂದವನ್ನು ಕೂರಿಸಿದ್ದರೆ, ಒಬ್ಬ ಡ್ರಮ್ಮರ್‌ನನ್ನು ತಂದು ಬಾರಿಸಲು ಹೇಳಿದ್ದರೆ ಕೋಣೆ ಕೂಡಲೇ ತನ್ನ ಬಡತನವನ್ನು ಬಯಲು ಮಾಡುತ್ತಿತ್ತು. ಆ ಕೋಣೆಗೆ ಒಪ್ಪುವಂಥದ್ದು ಒಂದಿತ್ತು: ಬಹಳ ಹತ್ತಿರದಿಂದ ಬರುವ, ಬಹಳ ಮೆಲ್ಲಗಿನ ಒಂದು ಕಂಠ. ಪಾಪ್ ಆಲ್ಬಮ್ ಎಂದರೆ ಹಾಡಿದ್ದನ್ನು ಹಾಡಿದಂತೆ ಹಿಡಿದಿಟ್ಟ ದಾಖಲೆ ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ನನ್ನ ವಾದ ಬೇರೆ. ಸ್ಟುಡಿಯೊದಲ್ಲಿ ತಯಾರಾಗುವುದು ಮುಖ್ಯವಾಗಿ ಒಂದು ದೂರ, ಹಾಡುವವರ ಬಾಯಿಗೂ ಕೇಳುವವರ ಕಿವಿಗೂ ನಡುವಣ ದೂರ. ರಾಗ, ತಾಳ, ಸಾಹಿತ್ಯ ಎಲ್ಲ ಬೇಕು, ನಿಜ. ಆದರೆ ಅವನ್ನೆಲ್ಲ ಬರಿಯ ಗಿಟಾರ್ ಹಿಡಿದು ಯಾವ ಜಗಲಿಯ ಮೇಲಾದರೂ ಸಿದ್ಧಮಾಡಬಹುದು. ಸ್ಟುಡಿಯೊ ಸೇರಿಸುವುದು ಈ ದೂರವನ್ನು, ಮತ್ತು ಅದು ಭೌತವಿಜ್ಞಾನ ಹಾಗೂ ಶ್ರವಣವಿಜ್ಞಾನಗಳ ಲೆಕ್ಕಾಚಾರದ ಮೇಲೆ ನಿಂತ ಕಟ್ಟಡ.

ಮನುಷ್ಯರ ಹಾಡುಗಾರಿಕೆಯ ಚರಿತ್ರೆಯ ಬಹುಭಾಗ ದೂರವನ್ನು ಗೆಲ್ಲುವ ಹೋರಾಟ. ಮೈಕ್ ಇಲ್ಲದ ಕಾಲದ ಕಂಪನಿ ನಾಟಕದ ನಟ ಕೊನೆಯ ಸಾಲಿನ ಚಾಪೆಯವನಿಗೂ ಕೇಳುವಂತೆ ಹಾಡಬೇಕಿತ್ತು. ಯುರೋಪಿನ ಆಪೆರಾ ಗಾಯಕರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದರು. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ಅದನ್ನು ಬಿಡಿಸಿ ತೋರಿಸಿದರು. ನುರಿತ ಆಪೆರಾ ಗಾಯಕ, ವಿಶೇಷವಾಗಿ ಗಂಡುದನಿಯವನು, ಗಂಟಲಿನ ಆಕಾರವನ್ನು ಬದಲಿಸಿಕೊಂಡು ಸೆಕೆಂಡಿಗೆ 3,000 ಕಂಪನಗಳ ಆಸುಪಾಸಿನಲ್ಲಿ ತನ್ನ ದನಿಯ ಶಕ್ತಿಯನ್ನು ಗುಡ್ಡೆಹಾಕುತ್ತಾನೆ. ವಾದ್ಯವೃಂದದ ಅಬ್ಬರವೆಲ್ಲ ಇರುವುದು ಅದಕ್ಕಿಂತ ಬಹಳ ಕೆಳಗೆ, 500ರ ಸುತ್ತಮುತ್ತ. 3,000ದ ಹತ್ತಿರ ವಾದ್ಯಗಳು ಸೊರಗಿರುತ್ತವೆ, ನಮ್ಮ ಕಿವಿಯೋ ಅಲ್ಲೇ ಹೆಚ್ಚು ಚುರುಕು. ನೂರು ಮಂದಿ ಬಾರಿಸುವಾಗಲೂ ಒಬ್ಬನ ಕಂಠ ಆ ಕಿಂಡಿಯಿಂದ ನುಸುಳಿ ಬಾಲ್ಕನಿ ಮುಟ್ಟುತ್ತದೆ. ಧ್ವನಿಮುದ್ರಣ ಬಂದ ಮೊದಲ ದಶಕಗಳಲ್ಲೂ ಹೋರಾಟ ತಪ್ಪಲಿಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದು ಒಂದು ತಗಡಿನ ಕೊಂಬಿನೊಳಕ್ಕೆ. ವಿದ್ಯುತ್ತಿನ ನೆರವಿಲ್ಲದೆ, ಬರಿಯ ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕಿತ್ತು. ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಪ್ರಸಿದ್ಧ. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯ ಕಾರ್ಖಾನೆಯವರಿಗೆ ಯಾರ ಹಾಡೆಂದು ಗೊತ್ತಾಗಲಿ ಎಂದು. ಆ ಕೊಂಬಿಗೆ ಪಿಸುಮಾತು ಎಂಬುದೇ ಇರಲಿಲ್ಲ. 1925ರಲ್ಲಿ ಮೈಕ್ ಮತ್ತು ವಿದ್ಯುತ್ ವರ್ಧಕದ ಮುದ್ರಣ ಮಾರುಕಟ್ಟೆಗೆ ಬಂತು. ಗೌಹರ್ ಜಾನ್ ಅರಮನೆಯ ಗಾಯಕಿಯಾಗಿ ಮೈಸೂರಿನಲ್ಲಿ ತೀರಿಕೊಂಡ 1930ರ ಹೊತ್ತಿಗೆ, ಅಮೆರಿಕದಲ್ಲಿ ಮೈಕಿಗೆ ಮೂತಿ ತಾಗಿಸಿ ಮೆಲ್ಲಗೆ ಗುನುಗುವ ‘ಕ್ರೂನರ್’ಗಳ ಹೊಸ ತಲೆಮಾರು ರೇಡಿಯೊದಲ್ಲಿ ಮನೆಮಾತಾಗಿತ್ತು.

ಇಲ್ಲಿ ಒಂದು ಪ್ರಶ್ನೆ. ದನಿಯನ್ನು ಯಂತ್ರ ಹಿಗ್ಗಿಸಿದ ಮೇಲೆ ಪಿಸುಗುಟ್ಟಿದ್ದೂ ಕೂಗಿದ್ದೂ ಒಂದೇ ಗಾತ್ರದಲ್ಲಿ ಕೇಳುತ್ತದೆ. ಹಾಗಿದ್ದರೆ ಪಿಸುದನಿ ಹತ್ತಿರದ್ದೆಂದು ನಮಗೇಕೆ ಅನ್ನಿಸಬೇಕು? ಬೆಲ್ ಪ್ರಯೋಗಾಲಯದ ಮಾರ್ಕ್ ಗಾರ್ಡ್‌ನರ್ 1969ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಪ್ರತಿಧ್ವನಿಯೇ ಇಲ್ಲದ ಜಾಗದಲ್ಲಿ ಕೇಳುಗರಿಗೆ ಬೇರೆ ಬೇರೆ ದೂರಗಳಿಂದ ಮಾತು ಕೇಳಿಸಿ, ಎಷ್ಟು ದೂರದಿಂದ ಬಂತೆಂದು ಅಂದಾಜಿಸಲು ಹೇಳಲಾಯಿತು. ಪಿಸುಮಾತನ್ನು ಜನ ನಿಜಕ್ಕಿಂತ ಹತ್ತಿರವೆಂದರು, ಕೂಗನ್ನು ನಿಜಕ್ಕಿಂತ ದೂರವೆಂದರು. ಕಿವಿ ಅಳೆಯುವುದು ದನಿಯ ಗಾತ್ರವನ್ನಷ್ಟೇ ಅಲ್ಲ. ಈ ದನಿ ಹೊರಡಿಸಲು ಆ ಗಂಟಲು ಎಷ್ಟು ಶ್ರಮಪಟ್ಟಿರಬೇಕು ಎಂಬುದನ್ನೂ ಅದು ಓದಿಕೊಳ್ಳುತ್ತದೆ, ಎರಡನ್ನೂ ತಾಳೆ ಹಾಕುತ್ತದೆ. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ, ಅವುಗಳ ನಡುವಿನ ಸಂದಿಯಲ್ಲಿ ಗಾಳಿ ಸುಳಿಸುಳಿಯಾಗಿ ಹೊರಬರುತ್ತದೆ. ಉಸಿರು ಬೆರೆತ ಮೆಲುದನಿಯಲ್ಲಿ ತಂತುಗಳು ಕಂಪಿಸಿದರೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಇಂಥ ದನಿ ಒಂದು ಮೀಟರ್ ಆಚೆಗೆ ಸರಿಯಾಗಿ ಕೇಳದು ಎಂಬುದು ಹುಟ್ಟಿದಂದಿನಿಂದ ನಮಗೆ ಅನುಭವವಿದ್ದದ್ದೇ. ಕೂಸನ್ನು ಮಲಗಿಸುವಾಗ, ಗುಟ್ಟು ಹೇಳುವಾಗ, ರೋಗಿಯ ಹಾಸಿಗೆಯ ಬಳಿ ಮಾತ್ರ ಅದನ್ನು ಕೇಳಿರುತ್ತೇವೆ. ಅದೇ ಈಗ ಸ್ಪಷ್ಟವಾಗಿ, ತುಂಬಿಕೊಂಡು ಕೇಳುತ್ತಿದೆಯೆಂದರೆ ಮೆದುಳಿನ ಲೆಕ್ಕಕ್ಕೆ ಒಂದೇ ಉತ್ತರ: ಬಾಯಿ ಇಲ್ಲೇ, ಕಿವಿಯ ಪಕ್ಕದಲ್ಲೇ ಇದೆ.

ಈ ಉತ್ತರವನ್ನು ಮೆದುಳಿನಿಂದ ಹೊರಡಿಸುವುದು ಹೇಗೆ ಎಂಬಲ್ಲಿ ಮಂಚದ ಮೇಲಿನ ಮೈಕ್ ಮುಖ್ಯವಾಗುತ್ತದೆ. ಒಂದು ಮೀಟರ್ ದೂರದಲ್ಲಿ ಪಿಸುಮಾತಿನ ಗಾತ್ರ ಸುಮಾರು 30 ಡೆಸಿಬೆಲ್, ಸಾಮಾನ್ಯ ಮಾತಿನದ್ದು ಸುಮಾರು 60. ಬಾಯಿಯಿಂದ ಮೈಕಿಗೆ ದೂರ ಅರ್ಧವಾದಾಗಲೆಲ್ಲ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಮೀಟರಿನಿಂದ ಐದು ಸೆಂಟಿಮೀಟರಿಗೆ ಬಂದರೆ 26 ಡೆಸಿಬೆಲ್ ಲಾಭ, ಅಂದರೆ ಪಿಸುಮಾತು ಮೈಕಿಗೆ ಹೆಚ್ಚುಕಡಿಮೆ ಎದುರು ಕೂತವರ ಮಾತಿನಷ್ಟು ದಪ್ಪ ಕೇಳಿಸುತ್ತದೆ. ಆದರೆ ಗೋಡೆಗಳಿಂದ ಮರಳಿ ಬರುವ ದನಿ ಹಾಗೆ ಏರುವುದಿಲ್ಲ, ಅದು ಕೋಣೆಯ ತುಂಬ ಒಂದೇ ಮಟ್ಟದಲ್ಲಿ ಹರಡಿರುತ್ತದೆ. ಬಾಯಿಯನ್ನು ಮೈಕಿಗೆ ಒತ್ತಿದಷ್ಟೂ ಕೋಣೆ ಹಿಂದಕ್ಕೆ ಸರಿದು ಕಾಣೆಯಾಗುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಸ್ಟುಡಿಯೊ ತನ್ನ ಗೋಡೆಗಳ ಗುಣದಿಂದ ಸಾಧಿಸುವುದನ್ನು ಈ ಕೋಣೆ ತನ್ನ ಗೋಡೆಗಳನ್ನು ಆಟದಿಂದಲೇ ಹೊರಗಿಟ್ಟು ಸಾಧಿಸಿತು. ಹಾಸಿಗೆ, ದಿಂಬು, ಬಟ್ಟೆಗಳು ಮೇಲಿನ ಕಂಪನಗಳನ್ನು ಹೀರಿಕೊಂಡು ಉಳಿದ ಸಹಾಯ ಮಾಡುತ್ತವೆ. ಹತ್ತಡಿ ಉದ್ದದ ಕೋಣೆ 56 ಹರ್ಟ್ಸ್‌ನ ಸುತ್ತ ತಾನೇ ತಾನಾಗಿ ಗುಂಯ್‌ಗುಡುತ್ತದೆ, ಅದನ್ನು ದಿಂಬು ತಡೆಯಲಾರದು. ಆದರೆ ಹೆಂಗಸಿನ ಕಂಠದ ಮೂಲಸ್ವರ ಇರುವುದೇ 200ರ ಆಸುಪಾಸು, ಆ ಗುಂಯ್‌ಗೆ ಕಂಠ ಸಿಕ್ಕಿಬೀಳುವುದಿಲ್ಲ. ಸಿಕ್ಕಿಬೀಳುವುದು ಬೇಸ್ ನಾದ, ಅದನ್ನು ಮುದ್ರಿಸಿಕೊಳ್ಳುವ ಗೊಡವೆಯೇ ಇಲ್ಲ, ಕಂಪ್ಯೂಟರಿನಲ್ಲೇ ಹುಟ್ಟುತ್ತದೆ. ಹಾಗಾಗಿ ಬಡ ಕೋಣೆ ಗೆದ್ದಿತು ಎನ್ನುವುದಕ್ಕಿಂತ, ಆ ಕೋಣೆ ಯಾವ ಪರೀಕ್ಷೆಯಲ್ಲಿ ನಪಾಸಾಗುತ್ತಿತ್ತೋ ಅದಕ್ಕೆ ಅದನ್ನು ಕೂರಿಸಲೇ ಇಲ್ಲ ಎನ್ನುವುದು ಹೆಚ್ಚು ನಿಜ.

ಹತ್ತಿರ ಬಂದುದಕ್ಕೆ ಮೈಕ್ ಇನ್ನೊಂದು ಉಡುಗೊರೆ ಕೊಡುತ್ತದೆ. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕ್‌ಗಳು ತಮ್ಮ ಪೊರೆಯ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಅಳೆಯುತ್ತವೆ. ದೂರದಿಂದ ಬಂದ ಮಂದ್ರ ಸ್ವರದ ಅಲೆ ಬಹಳ ಉದ್ದವಾದ್ದರಿಂದ ಮುಂದೆ ಹಿಂದೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆ ಕೊರತೆ ತುಂಬಲು ಮೈಕನ್ನು ಮಾಡುವಾಗಲೇ ಮಂದ್ರವನ್ನು ಹಿಗ್ಗಿಸಿ ಇಟ್ಟಿರುತ್ತಾರೆ. ಬಾಯಿ ತೀರ ಹತ್ತಿರ ಬಂದಾಗ ಮುಂದಿನ ಒತ್ತಡ ಹಿಂದಿನದಕ್ಕಿಂತ ಬರಿಯ ದೂರದ ಕಾರಣಕ್ಕೇ ಬಹಳ ಹೆಚ್ಚಾಗುತ್ತದೆ, ಮೊದಲೇ ಹಿಗ್ಗಿಸಿಟ್ಟ ಮಂದ್ರ ಇನ್ನಷ್ಟು ಉಬ್ಬುತ್ತದೆ. ತೆಳ್ಳಗಿನ ಪಿಸುದನಿಗೆ ಎದೆಯ ಬೆಚ್ಚಗಿನ ದಪ್ಪ ಬರುವುದು ಹೀಗೆ. ರೇಡಿಯೊ ಉದ್ಘೋಷಕರಿಗೆ ಈ ಗುಟ್ಟು ಹಳೆಯದು.

ಲಾಭ ಬಿಟ್ಟಿ ಬರುವುದಿಲ್ಲ. ಮೆಲುದನಿಯನ್ನು ಇಷ್ಟು ಹಿಗ್ಗಿಸಿದಾಗ ಮೈಕಿನೊಳಗಿನ ವಿದ್ಯುನ್ಮಂಡಲದ ಸ್ವಂತ ಸಪ್ಪಳವೂ ಹಿಗ್ಗುತ್ತದೆ. ಇವತ್ತು ಮನೆ ಸ್ಟುಡಿಯೊಗಳಲ್ಲಿ ಕಾಣುವ ನಾಯ್‌ಮನ್ ಟಿಎಲ್‌ಎಂ 103ರಂಥ ಮೈಕಿಗೆ ತಯಾರಕರು ಕೊಡುವ ಅಂಕಿ 7 ಡೆಸಿಬೆಲ್. ರಾತ್ರಿಯ ಮಲಗುವ ಕೋಣೆಯ ಮೌನಕ್ಕಿಂತಲೂ ಅದು ಎಷ್ಟೋ ಮೌನ. ಇಂಥ ಮೈಕ್ ಸಾಮಾನ್ಯ ಕೊಳ್ಳುಗರ ಕೈಗೆಟುಕಿದ್ದು ಕಂಪ್ಯೂಟರಿನಷ್ಟೇ ದೊಡ್ಡ ಸಂಗತಿ, ಅದನ್ನು ಯಾರೂ ಹಾಡಿ ಹೊಗಳುವುದಿಲ್ಲ. ಆಮೇಲೆ ಕಂಪ್ರೆಸರ್ ಇದೆ. ದನಿ ಒಂದು ಗಡಿ ದಾಟಿದ ಕೂಡಲೇ ಅದರ ಏರಿಕೆಯನ್ನು ತಗ್ಗಿಸುವ ಸಾಧನ ಅದು. ನಾಲ್ಕಕ್ಕೆ ಒಂದರ ಅನುಪಾತದಲ್ಲಿಟ್ಟರೆ ಗಡಿಯ ಮೇಲೆ 12 ಡೆಸಿಬೆಲ್ ಏರಿದ್ದು ಹೊರಬರುವಾಗ 3 ಆಗಿರುತ್ತದೆ. ಎತ್ತರದ ಕೋಡುಗಳು ಹೀಗೆ ತಗ್ಗಿದ ಮೇಲೆ ಇಡೀ ದನಿಯನ್ನು ಮೇಲೆತ್ತಬಹುದು, ಆಗ ತಳದಲ್ಲಿ ಅಡಗಿದ್ದವೆಲ್ಲ ಮೇಲೆ ಬರುತ್ತವೆ: ಪದಕ್ಕೆ ಮುಂಚಿನ ಉಸಿರು, ತುಟಿ ಬಿಡಿಸಿದ ಸದ್ದು, ನಾಲಿಗೆ ಅಂಗುಳಕ್ಕೆ ತಾಗಿ ಬಿಟ್ಟದ್ದು. ಒಂದು ಗೇಣು ದೂರದಲ್ಲಿ ಮಾತ್ರ ಕೇಳಬಹುದಾದ ಸದ್ದುಗಳಿವು. ಹಿಂದಿನ ಎಂಜಿನಿಯರುಗಳು ಇವನ್ನು ಕಸವೆಂದು ಗುಡಿಸಿ ಹಾಕುತ್ತಿದ್ದರು. ಈ ಆಲ್ಬಮ್ ಶುರುವಾಗುವುದೇ ಗಾಯಕಿ ಹಲ್ಲಿನ ಅಲೈನರ್ ಕಳಚುವ ಸದ್ದಿನಿಂದ. ‘ಬರಿ ಎ ಫ್ರೆಂಡ್’ ಹಾಡಿನಲ್ಲಿ ದಂತವೈದ್ಯರ ಡ್ರಿಲ್ ಇದೆ. ತನ್ನದೇ ಬಾಯೊಳಗೆ ನಡೆಯುವುದಕ್ಕಿಂತ ಹತ್ತಿರದ ಸದ್ದು ಯಾವುದಿದೆ? ಇದನ್ನು ತಮಾಷೆಗೆ ಸೇರಿಸಿದ್ದೆಂದು ಹಲವರು ಬರೆದರು. ತಮಾಷೆ ಇರಬಹುದು, ಆದರೆ ಮೊದಲ ಹದಿನೈದು ಸೆಕೆಂಡಿನಲ್ಲೇ ಕೇಳುಗನ ಕಿವಿಗೆ ಅಳತೆಗೋಲು ಕೊಟ್ಟುಬಿಡುವ ಜಾಣತನವೂ ಅದರಲ್ಲಿದೆ.

ವಾದ್ಯಗಳ ಜೋಡಣೆಯಲ್ಲೂ ಇದೇ ವಿವೇಕ. ಪಿಸುದನಿಯ ಶಕ್ತಿ ಇರುವುದು ಮೇಲಿನ ಕಂಪನಗಳಲ್ಲಿ ಚದುರಿಹೋದ ಗಾಳಿಯ ಸದ್ದಾಗಿ. ತಾಳದ ತಟ್ಟೆಗಳೋ ಕರ್ಕಶ ಗಿಟಾರುಗಳೋ ಅಲ್ಲಿಗೆ ಬಂದರೆ ಅದು ಮುಚ್ಚಿಹೋಗುತ್ತದೆ. ಒಂದು ಸದ್ದು ತನ್ನ ನೆರೆಯ ಕಂಪನಗಳ ಸದ್ದನ್ನು ಕಿವಿಯೊಳಗೇ ನುಂಗುವ ಈ ವಿದ್ಯಮಾನಕ್ಕೆ ಮರೆಮಾಚುವಿಕೆ ಎನ್ನುತ್ತಾರೆ. ಇದೇ ಆಲ್ಬಮ್‌ನ ‘ಬ್ಯಾಡ್ ಗೈ’ ಹಾಡಿನ ತಳದಲ್ಲಿ ಬೇಸ್, ಡ್ರಮ್ಮಿನ ಗುದ್ದು, ಬೆರಳ ಚಿಟಿಕೆ, ಮೇಲೆ ಕಂಠ, ನಡುವೆ ಖಾಲಿ ಅಂಗಳ. ಆ ಖಾಲಿಯನ್ನು ಕೆಲವರು ಬಡತನವೆಂದರು. ಅಂಗಳದಲ್ಲಿ ಸಾಮಾನು ತುಂಬಿದ್ದರೆ ಪಿಸುದನಿ ಬರಲು ದಾರಿಯೇ ಇರುತ್ತಿರಲಿಲ್ಲ.

ಹೆಡ್‌ಫೋನ್ ಇಲ್ಲದೆ ಈ ಕಟ್ಟಡ ಪೂರ್ತಿಯಾಗದು. ಎದುರಿನ ಎರಡು ಸ್ಪೀಕರುಗಳಲ್ಲಿ ಬಲಗಡೆಯದು ಎಡಗಿವಿಗೂ ಎಡಗಡೆಯದು ಬಲಗಿವಿಗೂ ತುಸು ತಡವಾಗಿ, ತುಸು ಮಂಕಾಗಿ ತಲುಪುತ್ತದೆ. ಮೆದುಳು ಅದರಿಂದ ದೃಶ್ಯವನ್ನು ಮುಂದುಗಡೆ ಕಲ್ಪಿಸುತ್ತದೆ. ಹೆಡ್‌ಫೋನಿನಲ್ಲಿ ಆ ಅಡ್ಡದಾಟು ಇಲ್ಲ, ಎರಡೂ ಕಿವಿಗೆ ಸಮನಾಗಿ ಬಂದ ಕಂಠ ತಲೆಬುರುಡೆಯ ಒಳಗೇ ನೆಲೆಯೂರುತ್ತದೆ. ಇನ್ನೊಂದು ಪಿಸುದನಿಯನ್ನು ಎಡಕ್ಕೆ ಮಾತ್ರ, ಬೇರೊಂದನ್ನು ಬಲಕ್ಕೆ ಮಾತ್ರ ಇಟ್ಟರೆ ಕಿವಿಯ ಬಾಗಿಲಲ್ಲೇ ಯಾರೋ ನಿಂತಂತೆ. ಮೂಲ ಒಂದು ಮೀಟರಿಗಿಂತ ಹತ್ತಿರವಿದ್ದಾಗ ಮಾತ್ರ ಎರಡು ಕಿವಿಗಳ ನಡುವೆ ಮಂದ್ರ ಸ್ವರದಲ್ಲೂ ದೊಡ್ಡ ಅಂತರ ಹುಟ್ಟುತ್ತದೆ, ಮೆದುಳಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುವುದು ಹಳೆಯ ವಿದ್ಯೆ. ಕೆಲವು ಮಿಲಿಸೆಕೆಂಡುಗಳ ಹಿಂದುಮುಂದು, ಕೂದಲೆಳೆಯಷ್ಟು ಶ್ರುತಿಯ ವ್ಯತ್ಯಾಸ ಇದ್ದರೂ ಕಿವಿ ಎರಡನ್ನೂ ಬೆಸೆದು ಒಂದೇ ದಪ್ಪ ಕಂಠವಾಗಿ ಕೇಳುತ್ತದೆ. ಎರಡೆರಡು ಸಲ ಹಾಡುವ ಈ ಜೀತ ಜಾನ್ ಲೆನನ್‌ಗೆ ಬೇಸರ ತರಿಸಿತ್ತು. ಅದಕ್ಕೆಂದೇ 1966ರಲ್ಲಿ ಅಬ್ಬೆ ರೋಡ್ ಸ್ಟುಡಿಯೊದ ಕೆನ್ ಟೌನ್‌ಸೆಂಡ್ ಟೇಪ್ ಯಂತ್ರದಿಂದಲೇ ಎರಡನೆಯ ಕಂಠ ಹುಟ್ಟಿಸುವ ವಿಧಾನ ಕಂಡುಹಿಡಿದರು.

ದೂರ ಬೇಕಾದರೆ ರಿವರ್ಬ್ ಇದೆ, ಅನುರಣನ. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಹಾರ್ಮೊನಿಕಾಟ್ಸ್ ತಂಡದ ‘ಪೆಗ್ ಓ ಮೈ ಹಾರ್ಟ್’ಗೆ ಅದನ್ನು ಸ್ಟುಡಿಯೊದ ಬಚ್ಚಲುಮನೆಯಿಂದ ತಂದರು. ಒಳಗೊಂದು ಸ್ಪೀಕರ್, ಒಂದು ಮೈಕ್, ಅಷ್ಟೇ. ಬಚ್ಚಲುಮನೆಯ ಹಾಡುಗಾರರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಸಿಗಲಾರದು. ನೇರ ದನಿಗೆ ಹೋಲಿಸಿ ಅನುರಣನ ಎಷ್ಟಿದೆ ಎಂಬ ಅನುಪಾತವೇ ನಮ್ಮ ಮೆದುಳಿಗೆ ದೂರದ ಅತಿ ನಂಬುಗೆಯ ಸಾಕ್ಷಿ. ಇವತ್ತು ಆ ಅನುಪಾತ ಪರದೆಯ ಮೇಲಿನ ಒಂದು ಗುಂಡಿ.

ಇಷ್ಟನ್ನೂ ಕೇಳಿದವರು ಹೇಳುವ ಮೊದಲ ಮಾತು ಇದು ಮೋಸ ಎಂದು. ಕಂಠದಲ್ಲಿ ಕಸುವಿಲ್ಲದವರನ್ನು ಯಂತ್ರ ಎತ್ತಿ ಹಿಡಿಯುತ್ತಿದೆ ಎಂಬ ಆಕ್ಷೇಪಕ್ಕೆ ಸುಮಾರು ನೂರು ವರ್ಷ ವಯಸ್ಸು. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನೆಲ್ ಕ್ರೂನರುಗಳನ್ನು ಬಹಿರಂಗವಾಗಿ ಖಂಡಿಸಿದ್ದರು. ಅವರ ಸಿಟ್ಟಿಗೆ ಕಾರಣ ಹಾಡುಗಾರರ ಅಸಾಮರ್ಥ್ಯವಷ್ಟೇ ಆಗಿರಲಿಲ್ಲ, ಪರಗಂಡಸಿನ ಮೆಲುದನಿ ಮನೆಯ ಕೂಡುಕೋಣೆಗೆ ಬಂದು ಕಿವಿಯಲ್ಲಿ ಉಸುರುವುದು ಅವರಿಗೆ ಅಸಭ್ಯವಾಗಿ ಕಂಡಿತ್ತು. ಆ ಧರ್ಮಗುರು ಭೌತವಿಜ್ಞಾನವನ್ನು ಸರಿಯಾಗಿಯೇ ಗ್ರಹಿಸಿದ್ದರು ಎನ್ನಬೇಕು: ಬದಲಾದದ್ದು ದೂರವೆಂದು ಅವರ ಕಿವಿಗೆ ಗೊತ್ತಾಗಿತ್ತು. ಆದರೆ ಮೋಸ ಎನ್ನಬೇಕಾದರೆ ಒಂದು ನಿಜವಾದ ದೂರ ಇರಬೇಕು. ಆಪೆರಾ ಗಾಯಕ ಗಂಟಲನ್ನು ತಿದ್ದಿ ಬಾಲ್ಕನಿ ಮುಟ್ಟುವುದು ವಿದ್ಯೆಯಾದರೆ, ಉಸಿರಿನ ಒಂದೊಂದು ಎಳೆಯನ್ನೂ ಹಿಡಿತದಲ್ಲಿಟ್ಟು ಐದು ಸೆಂಟಿಮೀಟರಿನಲ್ಲಿ ಶ್ರುತಿ ತಪ್ಪದೆ ಹಾಡುವುದು ಯಾಕೆ ವಿದ್ಯೆಯಾಗಬಾರದು? ಮೆಲುದನಿಯಲ್ಲಿ ಶ್ರುತಿ ಹಿಡಿಯುವುದು ಏರುದನಿಯಲ್ಲಿ ಹಿಡಿಯುವುದಕ್ಕಿಂತ ಸುಲಭವೇನಲ್ಲ.

ಆಟೋಟ್ಯೂನ್‌ನ ಮಾತು ಇಲ್ಲಿ ಬಂದೇ ಬರುತ್ತದೆ. ಭೂಮಿಯೊಳಗಿನ ತೈಲವನ್ನು ಕಂಪನಗಳ ಪ್ರತಿಧ್ವನಿಯಿಂದ ಹುಡುಕುವ ಕೆಲಸದಲ್ಲಿದ್ದ ಆಂಡಿ ಹಿಲ್ಡಬ್ರ್ಯಾಂಡ್, ಅದೇ ಗಣಿತವನ್ನು ಕಂಠದ ಶ್ರುತಿ ಪತ್ತೆಗೆ ಬಳಸಿ 1997ರಲ್ಲಿ ಆ ತಂತ್ರಾಂಶ ತಂದರು. ಮರುವರ್ಷ ಶೇರ್ ಹಾಡಿದ ‘ಬಿಲೀವ್’ನಲ್ಲಿ ಅದರ ಯಾಂತ್ರಿಕ ಜಿಗಿತ ಜಗಜ್ಜಾಹೀರಾಯಿತು. ಆದರೆ ಶ್ರುತಿ ತಿದ್ದುವ ಯಂತ್ರ ಹತ್ತಿರವನ್ನು ಕೊಡಲಾರದು, ಅತಿಯಾದರೆ ಕಿತ್ತುಕೊಳ್ಳುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವಾಗಿನ ಅಳುಕು, ನಡುಕಗಳೇ ಮನುಷ್ಯನ ಗಂಟಲಿನ ಗುರುತು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಟೇಕ್‌ಗಳ ಬಗೆಗಿನದು. ಒಂದು ಸಾಲನ್ನು ಹತ್ತಾರು ಸಲ ಹಾಡಿಸಿ ಈ ಟೇಕಿನಿಂದ ಒಂದು ಪದ, ಆ ಟೇಕಿನಿಂದ ಅರ್ಧ ಅಕ್ಷರ ಆರಿಸಿ ಹೆಣೆಯುವುದಕ್ಕೆ ಸ್ಟುಡಿಯೊದವರು ಕಾಂಪಿಂಗ್ ಎನ್ನುತ್ತಾರೆ. ಐಲಿಷ್ ಮತ್ತು ಫಿನಿಯಸ್ ಇದನ್ನು ಮುಚ್ಚಿಟ್ಟಿಲ್ಲ. ಹಾಗೆ ಹೆಣೆದ ಕಂಠ ಯಾವ ಕ್ಷಣದಲ್ಲೂ ಯಾರ ಬಾಯಿಂದಲೂ ಆ ರೂಪದಲ್ಲಿ ಹೊರಟದ್ದಲ್ಲ ಎಂಬುದನ್ನು ಒಪ್ಪಬೇಕು. ಇದು ಛಾಯಾಚಿತ್ರವಲ್ಲ, ವರ್ಣಚಿತ್ರ. ವರ್ಣಚಿತ್ರವನ್ನು ಛಾಯಾಚಿತ್ರವೆಂದು ಮಾರಿದರೆ ತಪ್ಪು, ಬರೆದದ್ದೇ ತಪ್ಪಲ್ಲ.

ವೇದಿಕೆಯೇ ನಿಜ ಪರೀಕ್ಷೆ ಎನ್ನುವವರಿಗೆ 2022ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿಯ ಬಯಲಲ್ಲಿ ಉತ್ತರ ಸಿಕ್ಕಿತು. ಇಪ್ಪತ್ತರ ಐಲಿಷ್ ಅಲ್ಲಿ ಒಂಟಿಯಾಗಿ ಮುಖ್ಯ ವೇದಿಕೆಯ ಕೊನೆಯ ಕಾರ್ಯಕ್ರಮ ಕೊಟ್ಟ ಅತಿ ಕಿರಿಯರಾದರು. ಅಲ್ಲೂ ಮೈಕ್ ತುಟಿಗೆ ತಾಗಿಕೊಂಡೇ ಇತ್ತು. ನೂರು ಮೀಟರ್ ಹಿಂದೆ ನಿಂತವನಿಗೆ ದನಿ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ಹೊತ್ತು ಹಿಡಿಯುತ್ತದೆ. ಗಾಯಕಿಯ ತುಟಿ ಅಲುಗಿದ್ದನ್ನು ಕಣ್ಣು ಮೊದಲು ಕಾಣುತ್ತದೆ, ಪಿಸುದನಿ ಆಮೇಲೆ ಬರುತ್ತದೆ. ವೇದಿಕೆಯಲ್ಲಿ ದೂರವನ್ನು ಅಳಿಸಲಾಗದು. ಸ್ಟುಡಿಯೊದಲ್ಲಿ ಅಳಿಸಬಹುದು, ಆದ್ದರಿಂದಲೇ ಎರಡೂ ಬೇರೆ ಬೇರೆ ಕಲೆ. ಒಂದನ್ನು ಇನ್ನೊಂದರ ಪರೀಕ್ಷಕನನ್ನಾಗಿ ಮಾಡುವುದು ನಾಟಕದ ನಟನಿಂದ ಸಿನಿಮಾದ ಕ್ಲೋಸಪ್ಪಿಗೆ ಅಂಕ ಹಾಕಿಸಿದ ಹಾಗೆ.

ಇನ್ನೂ ಒಂದು ಆಕ್ಷೇಪವಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿಯೇ ರೇಡಿಯೊ, ಟಿವಿಯ ವ್ಯಕ್ತಿಗಳೊಡನೆ ಕೇಳುಗರು ಬೆಳೆಸಿಕೊಳ್ಳುವ ಏಕಮುಖ ಸಲಿಗೆಯ ಬಗ್ಗೆ ಬರೆದಿದ್ದರು. ಈ ಕಡೆಯವರಿಗೆ ಆ ಕಡೆಯವರು ಆಪ್ತರು, ಆ ಕಡೆಯವರಿಗೆ ಈ ಕಡೆಯವರು ಯಾರೆಂದೇ ಗೊತ್ತಿಲ್ಲ. ಕಿವಿಯ ಪಕ್ಕ ಕೂತು ಗುಟ್ಟು ಹೇಳಿದಂತೆ ಕೇಳಿಸುವ ದನಿ ಆ ಸಲಿಗೆಯನ್ನು ಎಷ್ಟು ಗಾಢವಾಗಿಸಬಹುದು ಎಂದು ಯೋಚಿಸಿದರೆ, ಹತ್ತಿರವನ್ನು ಸರಕಾಗಿಸಿ ಮಾರುತ್ತಿದ್ದಾರೆ ಎಂಬ ದೂರನ್ನು ತಳ್ಳಿಹಾಕಲಾಗದು. ಮೇಲೆ ಹೇಳಿದ ಉಪಕರಣಗಳೆಲ್ಲ ಈ ವ್ಯಾಪಾರಕ್ಕೂ ಅಷ್ಟೇ ನಿಷ್ಠೆಯಿಂದ ದುಡಿಯುತ್ತವೆ. ನಾನು ಹೇಳಬಹುದಾದದ್ದು ಇಷ್ಟು: ಒಳ್ಳೆಯ ಆಲ್ಬಮ್ ಈ ಹತ್ತಿರವನ್ನು ಸುಮ್ಮನೆ ಕೊಟ್ಟು ಕೂರುವುದಿಲ್ಲ, ಅದರೊಡನೆ ಜಗಳವನ್ನೂ ಆಡುತ್ತದೆ. 2021ರ ಎರಡನೆಯ ಆಲ್ಬಮ್‌ನ ಶೀರ್ಷಿಕೆ ಹಾಡು ‘ಹ್ಯಾಪಿಯರ್ ದ್ಯಾನ್ ಎವರ್’ ಇದಕ್ಕೆ ಸಾಕ್ಷಿ. ಮೊದಲರ್ಧ ಮೆಲ್ಲಗಿನ ತಂತಿವಾದ್ಯ, ಪಕ್ಕದಲ್ಲೇ ಕೂತ ಕಂಠ. ಅರ್ಧಕ್ಕೆ ಬಂದಾಗ ಎಲೆಕ್ಟ್ರಿಕ್ ಗಿಟಾರು ನುಗ್ಗುತ್ತದೆ, ಡ್ರಮ್ ಬೀಳುತ್ತದೆ, ಕಂಠ ಚೀರಾಟಕ್ಕೆ ಏರಿ ಒಡೆಯುತ್ತದೆ. ಗಾರ್ಡ್‌ನರ್ ಪ್ರಯೋಗದ ಎರಡೂ ತುದಿಗಳು ಒಂದೇ ಹಾಡಿನಲ್ಲಿ. ಗುಟ್ಟು ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು ಅಂಗಳದ ಆ ತುದಿಗೆ ಹೋಗಿ ಕೂಗತೊಡಗಿದಂತೆ, ಕೇಳುಗನ ಸಲಿಗೆ ಅಲ್ಲಿಗೆ ಕಡಿದುಬೀಳುತ್ತದೆ.

ಆಲ್ಬಮ್ ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗ್‌ಗೆ ಹೋದಾಗ ಈ ದೂರಗಳಿಗೆ ಕೊನೆಯ ಗಂಡಾಂತರ. 1990ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಪ್ರತಿ ಕಂಪನಿಯೂ ತನ್ನ ಸಿ.ಡಿ. ಪಕ್ಕದವರದ್ದಕ್ಕಿಂತ ಜೋರಾಗಿರಲಿ ಎಂದು ಹಟ ಹಿಡಿಯಿತು. ಕೋಡುಗಳನ್ನು ಕತ್ತರಿಸಿ ಎಲ್ಲವನ್ನೂ ಸೂರಿಗೆ ಒತ್ತಿದಾಗ ಮೆಲುವೂ ಜೋರೂ ಒಂದೇ ಆದವು, ಎಲ್ಲವೂ ಹತ್ತಿರವಾದದ್ದರಿಂದ ಯಾವುದೂ ಹತ್ತಿರ ಅನ್ನಿಸಲಿಲ್ಲ. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಅದೇ ಹಾಡುಗಳು ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿ ಆಲ್ಬಮ್‌ಗಿಂತ ಚೆನ್ನಾಗಿವೆ ಎಂದು ಅಭಿಮಾನಿಗಳೇ ತಕರಾರು ಎತ್ತಿದರು. ಸ್ಟ್ರೀಮಿಂಗ್ ಬಂದ ಮೇಲೆ ಹಟಕ್ಕೆ ಅರ್ಥ ಉಳಿಯಲಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಒಪ್ಪಿದ ಗಾತ್ರಮಾಪನವನ್ನು ಆಧರಿಸಿ ಸ್ಪಾಟಿಫೈಯಂಥವರು ಎಲ್ಲ ಹಾಡುಗಳನ್ನೂ ಒಂದೇ ಸರಾಸರಿ ಗಾತ್ರಕ್ಕೆ, ಆ ಮಾಪನದಲ್ಲಿ ಮೈನಸ್ 14 ಎಂಬ ಅಂಕಿಗೆ, ತಂದು ನಿಲ್ಲಿಸುತ್ತಾರೆ. ಜೋರು ಮಾಡಿದ್ದನ್ನು ಅವರು ತಗ್ಗಿಸಿಬಿಡುತ್ತಾರೆ, ಒಳಗೆ ಏರಿಳಿತ ಇಟ್ಟುಕೊಂಡವರಿಗೆ ದಂಡವಿಲ್ಲ. ಜೋರು ಮಾಸ್ಟರಿಂಗ್ ಇದರಿಂದ ನಿಂತಿತೆಂದಲ್ಲ, ಚಾಳಿ ಬೇಗ ಹೋಗುವುದಿಲ್ಲ.

2021ರಿಂದ ಆ್ಯಪಲ್ ಮ್ಯೂಸಿಕ್‌ನಲ್ಲೂ ಬಂದಿರುವ ಡಾಲ್ಬಿ ಅಟ್ಮಾಸ್ ರೂಪದಲ್ಲಿ ಈ ಬರಹದ ವಿಷಯ ಅಕ್ಷರಶಃ ಪರದೆಯ ಮೇಲೆ ಮೂಡುತ್ತದೆ. ಎಡ ಬಲ ಎಂಬ ಎರಡು ಕಾಲುವೆಗಳ ಬದಲು ಪ್ರತಿ ಸದ್ದನ್ನೂ ಕೇಳುಗನ ಸುತ್ತಲಿನ 3 ಆಯಾಮಗಳಲ್ಲಿ ಒಂದು ಜಾಗದಲ್ಲಿ ಕೂರಿಸಬೇಕು. ಹೆಡ್‌ಫೋನ್ ಕೇಳುಗರಿಗಾಗಿ ಎಂಜಿನಿಯರ್ ಪ್ರತಿ ಸದ್ದಿಗೂ ಒಂದು ಸಣ್ಣ ಪಟ್ಟಿಯಿಂದ ಆಯ್ಕೆ ಮಾಡುತ್ತಾರೆ: ಹತ್ತಿರ, ನಡು, ದೂರ. ನಾಲ್ಕನೆಯ ಆಯ್ಕೆಯೂ ಒಂದಿದೆ, ‘ಆಫ್’. ಅದನ್ನು ಒತ್ತಿದರೆ ತಲೆ, ಕಿವಿ, ಕೋಣೆ ಯಾವುದರ ಅನುಕರಣೆಯೂ ಇಲ್ಲದೆ ಸದ್ದು ಹಳೆಯ ಸ್ಟೀರಿಯೊದ ಹಾಗೆ ನೇರ ತಲೆಯೊಳಕ್ಕೆ ಬರುತ್ತದೆ. ಸುತ್ತಲೂ ವಾದ್ಯಗಳನ್ನು ಹರಡಿ, ಮುಖ್ಯ ಕಂಠಕ್ಕೆ ಬಂದಾಗ ‘ಹತ್ತಿರ’ವೂ ಸಾಲದೆಂದು ಹಲವು ಎಂಜಿನಿಯರುಗಳು ಒತ್ತುವುದು ಆ ನಾಲ್ಕನೆಯದನ್ನೇ.